ಪಾಸ್ಟ್ ಟೆನ್ಸ್‌ನಲ್ಲಿ ಡಿಡ್, ಹ್ಯಾವ್, ಹ್ಯಾಡ್ ಎಲ್ಲ ಕಲಸಿಹೋಗುತ್ತೆ, ಏನು ಮಾಡಲಿ?

ಹನ್ನೆರಡು ಟೆನ್ಸ್‌ಗಳ ಪಟ್ಟಿ ಬಾಯಿಪಾಠ ಇದೆ, ಆದರೂ ಮಾತಿಗೆ ನಿಂತರೆ ‘ಐ ಡಿಡಂಟ್ ವೆಂಟ್’, ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್’ ಅಂತ ಬಂದುಬಿಡುತ್ತೆ ಅಂದಿದ್ದೀರಿ. ಜೊತೆಗೆ ‘ಲರ್ನ್ಡ್’ ಸರಿಯೋ ‘ಲರ್ನ್ಟ್’ ಸರಿಯೋ ಅಂತಲೂ ಕೇಳಿದ್ದೀರಿ.

ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಡಿಗ್ರಿ ಹುಡುಗರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ನಾನು ಕಂಡ ಹಾಗೆ ಈ ಗೊಂದಲ ಬಿಡಿಸುವ ದಾರಿ ನಮ್ಮ ಕನ್ನಡದಲ್ಲೇ ಇದೆ. ಅದೂ ‘ಇಲ್ಲ’ ಸೇರಿದ ವಾಕ್ಯಗಳಲ್ಲಿ.

ಈ ಮೂರನ್ನು ಬಾಯಿಬಿಟ್ಟು ಹೇಳಿ ನೋಡಿ. ನಿನ್ನೆ ಬಸ್ ಹೋಗಲಿಲ್ಲ. ಬಸ್ ಇನ್ನೂ ಹೋಗಿಲ್ಲ. ನಾನು ಸ್ಟ್ಯಾಂಡಿಗೆ ಬಂದಾಗ ಬಸ್ ಹೋಗಿರಲಿಲ್ಲ. ಮೂರೂ ಬೇರೆ ಬೇರೆ ಅಲ್ವಾ? ಮೊದಲನೆಯದು ಮುಗಿದ ಕಥೆ. ಎರಡನೆಯದು ಈಗಿನ ಮಾತು, ಓಡಿದರೆ ಬಸ್ ಸಿಗುತ್ತೆ. ಮೂರನೆಯದರಲ್ಲಿ ಹಿಂದಿನ ಒಂದು ಹೊತ್ತಿನಲ್ಲಿ ನಿಂತು, ಆ ಹೊತ್ತಿಗೆ ಏನಾಗಿತ್ತು ಅಂತ ಹೇಳುತ್ತಿದ್ದೀರಿ. ಇಂಗ್ಲಿಷ್‌ನಲ್ಲಿ ಇವೇ ಕ್ರಮವಾಗಿ ‘ಡಿಡ್ ನಾಟ್ ಗೋ’, ‘ಹ್ಯಾಸ್ ನಾಟ್ ಗಾನ್’, ‘ಹ್ಯಾಡ್ ನಾಟ್ ಗಾನ್’.

ಇನ್ನೂ ಹತ್ತಿರದಿಂದ ನೋಡಿ. ‘ಹೋಗಲಿಲ್ಲ’ದಲ್ಲಿ ‘ಹೋದ’ ಎಲ್ಲೂ ಇಲ್ಲ. ‘ಹೋದಲಿಲ್ಲ’ ಅಂತ ಪುಟ್ಟ ಮಗುವೂ ಹೇಳಲ್ಲ. ‘ಡಿಡಂಟ್ ವೆಂಟ್’ ಆಗೋದಿಲ್ಲ ಅನ್ನೋದೂ ಅಷ್ಟೇ. ಕಾಲದ ಭಾರವನ್ನು ‘ಡಿಡ್’ ಹೊತ್ತಾಯ್ತು, ಕ್ರಿಯಾಪದ ತನ್ನ ಮೂಲ ರೂಪಕ್ಕೆ ವಾಪಸ್. ಇನ್ನು ‘ಹೋಗಿಲ್ಲ’ ಅಂದರೆ ‘ಹೋಗಿ’ ಮತ್ತು ‘ಇಲ್ಲ’. ಆ ‘ಹೋಗಿ’ ಇರುವ ಜಾಗದಲ್ಲೇ ಇಂಗ್ಲಿಷ್‌ನವರು ‘ಗಾನ್’ ಕೂರಿಸುತ್ತಾರೆ. ಗೋ, ವೆಂಟ್, ಗಾನ್ ಅಂತ ಸ್ಕೂಲಲ್ಲಿ ಸುಮ್ನೆ ಹಾಡಿದೆವಲ್ಲ, ಆ ಮೂರನೆಯ ರೂಪದ ಕೆಲಸ ಇದು.

ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ಕೈಕೊಡುತ್ತೆ. ‘ಹೋದ್ಯಾ?’ ಅನ್ನುವುದರಲ್ಲಿ ‘ಹೋದೆ’ ಹಾಗೇ ಕೂತಿದೆ. ಅದನ್ನೇ ಹಿಡಿದುಕೊಂಡು ‘ಡಿಡ್ ಯು ವೆಂಟ್?’ ಅಂದುಬಿಡುತ್ತೇವೆ. ಅಲ್ಲಿಯೂ ‘ಡಿಡ್ ಯು ಗೋ?’ ಆಗಬೇಕು.

ಈಗ ನಿಮ್ಮ ‘ಹ್ಯಾಡ್ ಗಾನ್’ ವಿಷಯ. ಇದು ನಮ್ಮವರ ದೊಡ್ಡ ಚಟ. ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಅನ್ನೋದು ಕನ್ನಡದಲ್ಲಿ ತೀರಾ ಸಹಜ. ಅದನ್ನು ಹಾಗೇ ಇಳಿಸಿದರೆ ‘ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್’ ಆಗುತ್ತೆ. ಕೇಳುವವರು ಮುಂದಿನ ಘಟನೆಗೆ ಕಾಯುತ್ತಾ ನಿಲ್ಲುತ್ತಾರೆ, ಯಾಕಂದರೆ ಇಂಗ್ಲಿಷ್‌ನ ‘ಹ್ಯಾಡ್’ಗೆ ಹೋಲಿಸಲು ಇನ್ನೊಂದು ಘಟನೆಯೋ ಹೊತ್ತೋ ಬೇಕು. ‘ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಅನ್ನುವಲ್ಲಿ ಎರಡು ಘಟನೆ ಇವೆ, ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಬಂತು. ಅಲ್ಲಿ ಬರೀ ‘ಲೆಫ್ಟ್’ ಅಂದರೆ ನಾವು ತಲುಪಿದ ಮೇಲೆ ರೈಲು ಹೊರಟಿತು ಅಂತ ಅರ್ಥ ಬಂದುಬಿಡುತ್ತೆ. ಮೈಸೂರಿನ ವಿಷಯಕ್ಕೆ ಬರೀ ‘ಐ ವೆಂಟ್’ ಸಾಕು. ಮಾತಾಡುವಾಗ ಅನುಮಾನ ಬಂದರೆ ‘ಹ್ಯಾಡ್’ ಬಿಟ್ಟುಬಿಡಿ ಅನ್ನೋದು ನನ್ನ ಸಲಹೆ. ಹತ್ತರಲ್ಲಿ ಒಂಬತ್ತು ಸಲ ಏನೂ ಕೆಡಲ್ಲ.

‘ಹ್ಯಾವ್’ ಜೊತೆ ನಿನ್ನೆ, ಹೋದ ವಾರ, 2019ರಲ್ಲಿ ಅನ್ನುವಂಥ ಮುಗಿದ ಕಾಲದ ಪದ ಹಾಕಬೇಡಿ. ‘ಐ ಹ್ಯಾವ್ ಸೀನ್ ಹಂಪಿ’ ಸರಿ. ವರ್ಷ ಹೇಳಿದ ಕೂಡಲೇ ‘ಐ ಸಾ ಹಂಪಿ ಇನ್ 2019’. ‘ನಿನ್ನೆ ಬಂದಿಲ್ಲ’ ಅಂತ ನಾವು ಮಾತಿನಲ್ಲಿ ಅನ್ನುವುದುಂಟು, ಅಂಥ ಕಡೆ ‘ಇಲ್ಲ’ದ ಪರೀಕ್ಷೆ ನಂಬಬೇಡಿ, ‘ನಿನ್ನೆ’ಯನ್ನೇ ನಂಬಿ. ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’ ಅಂತಾರೆ, ಬ್ರಿಟಿಷರು ಹೆಚ್ಚಾಗಿ ‘ಹ್ಯಾವ್ ಯು ಈಟನ್ ಯೆಟ್?’ ಅಂತಾರೆ. ಎರಡೂ ನಮ್ಮ ‘ಊಟ ಆಯ್ತಾ?’ನೇ, ತಲೆ ಕೆಡಿಸಿಕೊಳ್ಳಬೇಡಿ.

ನೀವು ಕೇಳದ ಒಂದು ಮಾತು. ‘ಚಿಕ್ಕವನಿದ್ದಾಗ ಕೆರೆಯಲ್ಲಿ ಈಜುತ್ತಿದ್ದೆ’ ಅನ್ನೋದಕ್ಕೆ ‘ಐ ವಾಸ್ ಸ್ವಿಮ್ಮಿಂಗ್’ ಅಲ್ಲ. ಕನ್ನಡದ ‘ಈಜುತ್ತಿದ್ದೆ’ ಎರಡು ಕೆಲಸ ಮಾಡುತ್ತೆ, ಇಂಗ್ಲಿಷ್ ಅವನ್ನು ಬೇರೆ ಮಾಡಿದೆ. ರೂಢಿಗೆ ‘ಯೂಸ್ಡ್ ಟು ಸ್ವಿಮ್’. ಆ ಗಳಿಗೆಯಲ್ಲಿ ನೀರಿನಲ್ಲೇ ಇದ್ದೆ ಅನ್ನೋದಾದರೆ ಮಾತ್ರ ‘ವಾಸ್ ಸ್ವಿಮ್ಮಿಂಗ್’.

ರೂಪಗಳನ್ನು ಕಲಿಯೋದು ಹೇಗೆ ಅನ್ನೋದಕ್ಕೆ ಬರೋಣ. ಬಿ, ಹ್ಯಾವ್, ಡು, ಸೇ, ಮೇಕ್, ಗೋ, ಟೇಕ್, ಕಮ್, ಸೀ, ಗೆಟ್. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಓಡಾಡುವ ಕ್ರಿಯಾಪದಗಳಿವು. ಪಾಸ್ಟ್ ಟೆನ್ಸ್‌ನಲ್ಲಿ ಒಂದರ ಕೊನೆಗೂ ‘ಇಡಿ’ (-ed) ಅಂಟಲ್ಲ! ಇಂಗ್ಲಿಷ್ ಹುಚ್ಚು ಭಾಷೆ ಅಂತ ಬೈಯುವ ಮೊದಲು ನಮ್ಮದನ್ನು ನೋಡಿ. ಮಾಡು, ಮಾಡಿದೆ, ನೋಡು, ನೋಡಿದೆ, ಆದರೆ ಕೊಡು, ಕೊಟ್ಟೆ, ಬಾ, ಬಂದೆ, ಕೀಳು, ಕಿತ್ತೆ. ದಿನವೂ ಬಾಯಲ್ಲಿ ಓಡಾಡುವ ಪದ ತನ್ನ ಹಳೇ ರೂಪ ಉಳಿಸಿಕೊಳ್ಳುತ್ತೆ, ಮರೆಯಲು ನಾವು ಬಿಡೋದಿಲ್ಲ. ‘ಹೆಲ್ಪ್’ಗೆ ಹಿಂದೆ ‘ಹೋಲ್ಪ್’ ಅನ್ನುವ ರೂಪ ಇತ್ತು, ಕಾಲಕ್ರಮದಲ್ಲಿ ‘ಹೆಲ್ಪ್ಡ್’ ಆಯ್ತು. ಹೊಸದಾಗಿ ಹುಟ್ಟಿದ ‘ಗೂಗಲ್’ ಕಣ್ಣುಮುಚ್ಚಿ ‘ಗೂಗಲ್ಡ್’ ಆಗುತ್ತೆ. ಹಾಗಾಗಿ ಇನ್ನೂರು ಪದದ ಪಟ್ಟಿ ಉರುಹೊಡೆಯಬೇಡಿ. ಸಿಂಗ್-ಸ್ಯಾಂಗ್-ಸಂಗ್, ರಿಂಗ್-ರ‍್ಯಾಂಗ್-ರಂಗ್ ತರಹ ಒಂದೇ ರಾಗದವನ್ನು ಒಟ್ಟಿಗೆ ಹಿಡಿಯಿರಿ.

‘ಇಡಿ’ ಹಾಕಿದ್ದನ್ನು ಓದುವಾಗ ‘ಆಸ್ಕೆಡ್’, ‘ವಾಚೆಡ್’ ಅನ್ನಬೇಡಿ. ‘ಆಸ್ಕ್ಟ್’, ‘ವಾಚ್ಟ್’ ಅನ್ನಿ. ‘ವಾಂಟ್’, ‘ನೀಡ್’ ಥರ ಟ್ ಅಥವಾ ಡ್ ಸದ್ದಿನಲ್ಲಿ ಮುಗಿಯುವ ಪದಕ್ಕೆ ಮಾತ್ರ ಆ ಸ್ವರ ಸೇರುತ್ತೆ: ವಾಂಟೆಡ್, ನೀಡೆಡ್.

‘ಲರ್ನ್ಡ್’, ‘ಲರ್ನ್ಟ್’ ಎರಡೂ ಸರಿ. ಬ್ರಿಟಿಷ್ ಬರಹದಲ್ಲಿ ಎರಡೂ ಕಾಣುತ್ತವೆ, ಅಮೆರಿಕದಲ್ಲಿ ‘ಲರ್ನ್ಡ್’ ಜಾಸ್ತಿ. ನಿಮ್ಮ ಆಫೀಸಿನ ಕ್ಲೈಂಟ್ ಅಮೆರಿಕದವರಾಗಿದ್ದರೆ ‘ಲರ್ನ್ಡ್’ ಅಂತಲೇ ಬರೆಯಿರಿ.