ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಘಾಟಿ ಇಳಿಯುವ ಮುನ್ನ

ಸ್ಪೋರ್ಟ್ಸ್ ಕಾರಿನ ಪಂಕ್ಚರ್ ಬಗ್ಗೆ ಬರುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: 'ತೂತು ಮುಚ್ಚುವ ದ್ರವದ ಬಾಟಲಿ ಇದೆಯಲ್ಲ, ಸಾಲದೇ?' ಸಾಲದು. ಅದಕ್ಕೇ ಈ ಸಲ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನದು 992 ಸರಣಿಯ ಪೋರ್ಷೆ 911 ಕರೇರಾ ಎಸ್. ಮುಂದಿನ ವಾರ ಬೆಂಗಳೂರಿನಿಂದ ಶಿರಾಡಿ ಘಾಟಿ ಮೇಲೆ ಮಂಗಳೂರಿಗೆ ಹೊರಟಿದ್ದೇವೆ. ಕಾರಿಗೆ ಸ್ಟೆಪ್ನಿ ಇಲ್ಲ. ಹಿಂದಿನ ಸೀಟಿನ ಮೇಲೆ ಒಂದು ಚಕ್ರ ಹಾಕಿಕೊಳ್ಳಲೇ? ಅಥವಾ ಕಾರಿನ ಜೊತೆ ಬಂದ ಸೀಲೆಂಟ್ ಬಾಟಲಿ ಸಾಕೇ?

ಯಾವ ಚಕ್ರ ಹಾಕಿಕೊಳ್ಳುತ್ತೀರಿ? ನಿಮ್ಮ ಕಾರಿನ ಮುಂದಿನ ಟೈರ್ 245/35, ರಿಮ್ 20 ಇಂಚು. ಹಿಂದಿನದು 305/30, ರಿಮ್ 21 ಇಂಚು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಜೊತೆಗೆ, ಕಟ್ಟಿಹಾಕದ ಚಕ್ರ ಜೋರಾಗಿ ಬ್ರೇಕ್ ಒತ್ತಿದಾಗ ಮುಂದೆ ಕೂತವರ ಬೆನ್ನಿಗೇ ಬರುತ್ತದೆ. ಆ ಯೋಚನೆ ಬಿಟ್ಟುಬಿಡಿ.

ಬಾಟಲಿ ಕೊನೆಯ ಉಪಾಯ. ಜನ ಅದನ್ನೇ ಮೊದಲು ಕೈಗೆ ತೆಗೆದುಕೊಳ್ಳುತ್ತಾರೆ, ತೊಂದರೆ ಶುರುವಾಗುವುದು ಅಲ್ಲೇ. ಆ ದ್ರವದಲ್ಲಿರುವುದು ಲೇಟೆಕ್ಸ್ ಮತ್ತು ಗ್ಲೈಕಾಲ್. ಒಳಗೆ ಹೋದರೆ ಟೈರಿನ ಒಳಮೈಗೆಲ್ಲ ಮೆತ್ತಿಕೊಳ್ಳುತ್ತದೆ, ಪ್ರೆಶರ್ ಸೆನ್ಸರ್ ಮೇಲೂ ಅಂಟುತ್ತದೆ. ಆಮೇಲೆ ಅದನ್ನು ಉಜ್ಜಿ ತೊಳೆಯದೆ ಒಳಗಿನಿಂದ ಪ್ಯಾಚ್ ಹಾಕಲಾಗುವುದಿಲ್ಲ, ಎಷ್ಟೋ ಅಂಗಡಿಯವರು ಅಂಥ ಟೈರ್ ಮುಟ್ಟುವುದೇ ಇಲ್ಲ. ಸುಮಾರು 4 ಮಿ.ಮೀ.ಗಿಂತ ದೊಡ್ಡ ತೂತಾದರೆ ಬಾಟಲಿಯಿಂದ ಮುಚ್ಚುವ ನಂಬಿಕೆಯಿಲ್ಲ. ಟೈರಿನ ಪಕ್ಕೆ ಸೀಳಿದ್ದರೆ ಅದರಿಂದ ಏನೂ ಆಗದು.

ಎಲ್ಲಕ್ಕಿಂತ ಮುಖ್ಯ, ಬೇಗ ನಿಲ್ಲಿಸುವುದು. ಇಂಥ ಟೈರಿನ ಪಕ್ಕೆ ತೀರ ಗಿಡ್ಡ. ಗಾಳಿ ಇಳಿದ ಮೇಲೆ ಪಕ್ಕೆ ರಿಮ್ ಮತ್ತು ರಸ್ತೆಯ ನಡುವೆ ಸಿಕ್ಕಿ ಅರೆಯುತ್ತದೆ, ಒಳಗಿನ ದಾರದ ಪದರ ಬಿಟ್ಟುಕೊಳ್ಳುತ್ತದೆ. 'ಮುಂದಿನ ಬಂಕ್‌ವರೆಗೆ ಹೋಗೋಣ' ಎಂದು ಓಡಿಸಿದಿರೋ, ಮೊಳೆಯ ತೂತಿನಲ್ಲಿ ಮುಗಿಯುತ್ತಿದ್ದದ್ದು ಟೈರನ್ನೇ ತಿನ್ನುತ್ತದೆ. ಪ್ರೆಶರ್ ಎಚ್ಚರಿಕೆಯ ದೀಪ ಹತ್ತಿದರೆ ಗಟ್ಟಿಯಾದ, ಸಮತಟ್ಟಾದ, ತಿರುವಿನಿಂದ ದೂರವಿರುವ ಜಾಗ ಸಿಕ್ಕೊಡನೆ ನಿಲ್ಲಿಸಿ. ಎಡಗಡೆಯಿಂದ ಇಳಿಯಿರಿ, ಜೊತೆಗಿರುವವರನ್ನು ತಡೆಗೋಡೆಯ ಆಚೆ ಕಳಿಸಿ. ಬಲಗಡೆಯ ಚಕ್ರ, ಪಕ್ಕದಲ್ಲೇ ಲಾರಿಗಳ ಓಡಾಟ ಅಂದರೆ ಅಲ್ಲಿ ಕೂತು ಕೈ ಹಾಕಬೇಡಿ. ಟೈರ್ ಹಾಳಾದರೂ ಚಿಂತೆಯಿಲ್ಲ, ನಿಧಾನವಾಗಿ ಮುಂದೆ ಸಾಗಿಸಿ.

ಮೊಳೆ ಕಂಡರೆ ಕೀಳಬೇಡಿ. ಅದೇ ಈಗ ಬಿರಡೆ. ಎಂಜಿನ್ ಚಾಲೂ ಇಟ್ಟು ಕಂಪ್ರೆಸರ್‌ನಿಂದ ಬಾಗಿಲ ಬಳಿಯ ಚೀಟಿಯಲ್ಲಿ ಹೇಳಿದಷ್ಟು ಗಾಳಿ ತುಂಬಿ, ಹತ್ತು ನಿಮಿಷ ಕಾದು ಮತ್ತೆ ಗೇಜ್ ಹಿಡಿಯಿರಿ. ಇಳಿದದ್ದು ಎರಡು ಪಿಎಸ್‌ಐ ಒಳಗಿದ್ದರೆ ಮೊಳೆಯ ಸಮೇತ 50-60 ಕಿ.ಮೀ. ವೇಗದಲ್ಲಿ ಹೊರಡಿ, 15 ಕಿ.ಮೀ.ಗೊಮ್ಮೆ ನಿಂತು ನೋಡಿ. ಎಷ್ಟೋ ಪಂಕ್ಚರ್ ಇಷ್ಟರಲ್ಲೇ ಟೈರ್ ಅಂಗಡಿ ಮುಟ್ಟುತ್ತವೆ.

ಅದಕ್ಕಿಂತ ಬೇಗ ಇಳಿಯುತ್ತಿದ್ದರೆ ಸ್ಟ್ರಿಪ್, ಅಂದರೆ ಪಂಕ್ಚರ್ ಕಿಟ್‌ನಲ್ಲಿ ಬರುವ ಅಂಟು ರಬ್ಬರ್ ಪಟ್ಟಿ, ತೂತಿಗೆ ಹಾಕಬೇಕು. ಚಕ್ರ ಬಿಚ್ಚುವುದು ಬೇಡ. ಮುಂದಿನದಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರಿನ ಮುಖ ಹೊರಗೆ ಬರುತ್ತದೆ. ಹಿಂದಿನದಾದರೆ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಕೈಯೂ ಹೋಗದು. ಕಾರನ್ನು ಒಂದೊಂದೇ ಗೇಣು ಉರುಳಿಸಿ ಮೊಳೆ ಚಕ್ರದ ಹಿಂಬದಿಗೆ, ನೆಲದಿಂದ ಒಂದೂವರೆ ಗೇಣು ಎತ್ತರಕ್ಕೆ ಬರುವಂತೆ ಮಾಡಿಕೊಳ್ಳಿ, ಹ್ಯಾಂಡ್‌ಬ್ರೇಕ್ ಹಾಕಿ. ಮೊಳೆಯ ಸುತ್ತ ಸೀಮೆಸುಣ್ಣದ ಗುರುತು ಮಾಡಿ. ಅದು ಯಾವ ಕೋನದಲ್ಲಿ ಹೊಕ್ಕಿದೆ ನೋಡಿಕೊಂಡು ಇಕ್ಕಳದಿಂದ ಕೀಳಿ. ಗರಗಸದಂಥ ಮೈಯ ಸಲಾಕೆಯನ್ನು ಅದೇ ಕೋನದಲ್ಲಿ ನೂಕಿ ನಾಲ್ಕೈದು ಸಲ ಆಡಿಸಿ. ಟೈರೊಳಗೆ ಉಕ್ಕಿನ ತಂತಿಯ ಪದರ ಇರುವುದರಿಂದ ಬಲ ಬೇಕು, ಪ್ಲಾಸ್ಟಿಕ್ ಹಿಡಿಯ ಅಗ್ಗದ ಕಿಟ್ ಇಲ್ಲೇ ಮುರಿಯುವುದು. ಉಕ್ಕಿನ 'ಟಿ' ಹಿಡಿಯದ್ದೇ ಕೊಳ್ಳಿ.

ಸ್ಟ್ರಿಪ್ಪನ್ನು ಸೂಜಿಯ ಕಣ್ಣಿಗೆ ನಡುಮಧ್ಯಕ್ಕೆ ಪೋಣಿಸಿ, ಸೊಲ್ಯೂಶನ್ ಸವರಿ, ಎರಡು ತುದಿ ಬೆರಳಗಲ ಹೊರಗುಳಿಯುವವರೆಗೆ ಒತ್ತಿ, ಸೂಜಿಯನ್ನು ನೇರವಾಗಿ ಒಂದೇ ಏಟಿಗೆ ಎಳೆಯಿರಿ. ಮೆಲ್ಲಗೆ ಎಳೆದರೆ ಸ್ಟ್ರಿಪ್ಪೂ ಜೊತೆಗೇ ಬಂದುಬಿಡುತ್ತದೆ. ಹೊರಗಿನ ತುದಿಯನ್ನು 3-4 ಮಿ.ಮೀ. ಬಿಟ್ಟು ಕತ್ತರಿಸಿ. ಗಾಳಿ ತುಂಬಿ ಸೋಪು ನೀರು ಹಾಕಿ. ಗುಳ್ಳೆ ಎದ್ದರೆ ಇನ್ನೊಂದು ಸ್ಟ್ರಿಪ್ ಸೇರಿಸಿ, ಆಗಲೂ ನಿಲ್ಲದಿದ್ದರೆ ಬಿಡಿ. ತೂತು ಟೈರಿನ ನಡುಭಾಗದಲ್ಲಿದ್ದು 6 ಮಿ.ಮೀ. ಒಳಗಿದ್ದರೆ ಮಾತ್ರ ಈ ಕೆಲಸ. ಅಂಚಿನಿಂದ ಎರಡು ಬೆರಳಗಲದೊಳಗೆ ಬೇಡವೇ ಬೇಡ, ಅಲ್ಲಿ ಟೈರ್ ಪ್ರತಿ ಸುತ್ತಿಗೂ ಮಡಚುತ್ತದೆ, ಸ್ಟ್ರಿಪ್ ನಿಲ್ಲುವುದಿಲ್ಲ.

ಸ್ಟ್ರಿಪ್ ಹಾಕಿದ ಟೈರಿನಲ್ಲಿ 80 ದಾಟಬೇಡಿ. ಊರು ಸೇರಿದ ಮೇಲೆ ಯಂತ್ರವಿರುವ ಅಂಗಡಿಯಲ್ಲಿ ಟೈರ್ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ (ಅಣಬೆಯಾಕಾರದ) ಪ್ಯಾಚ್ ಹಾಕಿಸಿ. ಬಿಚ್ಚಿದಾಗ ಪಕ್ಕದಲ್ಲೇ ನಿಂತು ಒಳಮೈ ನೋಡಿ. ಅಡಿಯಲ್ಲಿ ಕಾಫಿಪುಡಿಯಂತೆ ಕಪ್ಪು ರಬ್ಬರ್ ಪುಡಿ ಬಿದ್ದಿದ್ದರೆ, ಪಕ್ಕೆಯ ಒಳಗೆ ಸುತ್ತಲೂ ಸವೆದ ಪಟ್ಟಿ ಕಂಡರೆ, ಗಾಳಿಯಿಲ್ಲದೆ ಓಡಿದ ಟೈರ್ ಅದು. ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದಕ್ಕೆ ಪ್ಯಾಚ್ ಹಾಕಬಾರದು.

ಸ್ಟ್ರಿಪ್ ಹಿಡಿಯದೆ, ಮಳೆ ಸುರಿಯುತ್ತಾ, ನಿಂತ ಜಾಗವೂ ಸುರಕ್ಷಿತವಲ್ಲದಿದ್ದಾಗ ಬಾಟಲಿ ತೆಗೆಯಿರಿ. ಚೆನ್ನಾಗಿ ಕುಲುಕಿ. ವಾಲ್ವ್ ಚಕ್ರದ ಅಡಿಭಾಗಕ್ಕೆ ಬಂದು ನಿಂತಿರಬಾರದು. ದ್ರವ ಹೋಗುವಾಗ ಗೇಜ್ ಮುಳ್ಳು ವಿಪರೀತ ಮೇಲೇರಿ ಇಳಿಯುತ್ತದೆ, ಗಾಬರಿ ಬೇಡ. ಹತ್ತು ನಿಮಿಷದಲ್ಲಿ ಕಾರಿನ ಕೈಪಿಡಿ ಹೇಳಿದ ಪ್ರೆಶರ್ ಮುಟ್ಟದಿದ್ದರೆ ಆ ಟೈರ್ ಓಡುವುದಿಲ್ಲ. ಮುಟ್ಟಿದರೆ ತಡಮಾಡದೆ ಹೊರಡಿ, ದ್ರವ ಹರಡುವುದು ಚಕ್ರ ಉರುಳಿದಾಗಲೇ. ಹತ್ತು ನಿಮಿಷ ಓಡಿಸಿ ಮತ್ತೆ ಗಾಳಿ ನೋಡಿ. ಬಾಟಲಿಯ ಮೇಲಿನ ಅವಧಿ ಮುಗಿದಿದೆಯೇ ಎಂದು ಇವತ್ತೇ ನೋಡಿ. ಸಾಮಾನ್ಯವಾಗಿ ನಾಲ್ಕು ವರ್ಷದ ಸುಮಾರಿಗೆ ಅದು ಕೆಲಸಕ್ಕೆ ಬಾರದು.

ಇದ್ಯಾವುದೂ ಆಗದಿದ್ದರೆ ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಗತಿ. ಒಂದು ತುದಿ ಎತ್ತಿ ಎಳೆಯುವ ಗಾಡಿಗೆ ಕಾರು ಕೊಡಬೇಡಿ. ಎಳೆಯಲು ತಿರುಪಿ ಹಾಕುವ ಕೊಕ್ಕೆ ಎಲ್ಲಿದೆ, ಬಂಪರಿನ ಯಾವ ಮುಚ್ಚಳದ ಹಿಂದೆ ಕೂರುತ್ತದೆ ಎಂದು ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಹಲವು ಜರ್ಮನ್ ಕಾರುಗಳಲ್ಲಿ ಆ ಕೊಕ್ಕೆಯ ತಿರುಪು ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದ್ದು. ಚಕ್ರದ ಲಾಕ್ ಬೋಲ್ಟಿನ ಕೀಲಿ ಕಾರಿನಲ್ಲೇ ಇರಲಿ, ಸರ್ವಿಸ್‌ಗೆ ಬಿಟ್ಟಾಗ ಅದು ಅಲ್ಲೇ ಉಳಿದುಬಿಡುವುದು ಮಾಮೂಲು. 4 ಸೆಂ.ಮೀ. ದಪ್ಪದ ಎರಡು ಹಲಗೆ ಇದ್ದರೆ ಲಾರಿ ಏರಿಸುವಾಗ ಮುಂದಿನ ಬಂಪರಿನ ತುಟಿ ಉಜ್ಜುವುದಿಲ್ಲ, ಮೋಟು ಜಾಕ್ ಕೂಡ ಅಡಿಗೆ ಹೋಗುತ್ತದೆ. ಶಿರಾಡಿಯ ಹಲವೆಡೆ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಘಾಟಿ ಇಳಿಯುವ ಮುನ್ನ ಸಕಲೇಶಪುರದಲ್ಲಿ ನಾಲ್ಕೂ ಟೈರಿನ ಗಾಳಿ ನೋಡಿ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033. ನಿಮ್ಮ ಹಿಂದಿನ ಟೈರಿನ ಅಳತೆ ಸಣ್ಣ ಊರುಗಳಲ್ಲಿ ಸಿಗುವುದಿಲ್ಲ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಯಾರ ಹತ್ತಿರ ದಾಸ್ತಾನಿದೆ ಎಂದು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಪಂಕ್ಚರ್ ಆಗದಂತೆ ಮೊದಲೇ ಟೈರೊಳಗೆ ಜೆಲ್ ತುಂಬಿಸಿದರೆ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ.

ಮಾರುವವರು ಹೇಳಿಯೇ ಹೇಳುತ್ತಾರೆ. ಜೆಲ್ ಒಂದೆಡೆ ಜಮಾಯಿಸಿದರೆ ವೇಗದಲ್ಲಿ ಚಕ್ರ ಅದುರುತ್ತದೆ, ಮೊಳೆ ಹೊಕ್ಕದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಬೇಡ. ಟೈರನ್ನು ಅಂಗಡಿಯೊಳಗೆ ಒಯ್ದು 'ನಾಲ್ಕು ತೂತಿದೆ ಸಾರ್' ಎನ್ನುವ ಅಂಗಡಿಯೂ ಬೇಡ. ಸೋಪು ನೀರಿನ ಪರೀಕ್ಷೆ ನಿಮ್ಮ ಕಣ್ಣೆದುರೇ ಆಗಲಿ. ಸಲಾಕೆ ಹಾಕಿ ಟೈರ್ ಮೀಟುವವರಿಗೆ ಅಲಾಯ್ ಚಕ್ರ ಕೊಡಬೇಡಿ: ವಾಲ್ವ್ ಹಿಂದಿನ ಸೆನ್ಸರ್ ಮುರಿಯುವುದು ಅವರ ಕೈಯಲ್ಲೇ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಪಂಕ್ಚರ್ ಕಡಿಮೆಯೇ?

ಇಲ್ಲ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಮೊಳೆಗೆ ಎರಡೂ ಒಂದೇ.

ಪ್ರಶ್ನೆ: ಸ್ಟೆಪ್ನಿ ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆಯೇ?

ಕೇಂದ್ರ ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿಯ ಪ್ರಕಾರ ಟ್ಯೂಬ್‌ಲೆಸ್ ಟೈರ್, ಪ್ರೆಶರ್ ಸೆನ್ಸರ್ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್ ಕಾರಿನಲ್ಲಿರಬೇಕು, ಮನೆಯಲ್ಲಲ್ಲ.

ಪ್ರಶ್ನೆ: ನಿಸಾನ್ ಜಿಟಿ-ಆರ್‌ನಲ್ಲಿ ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರ್ ಇದೆ. ನಮಗೆ ಇದೆಲ್ಲ ಬೇಡ ತಾನೇ?

ಗಾಳಿಯಿಲ್ಲದ ರನ್‌ಫ್ಲಾಟ್ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ದೂರಕ್ಕೆ. ಗುಂಡಿಗಳ ರಸ್ತೆಯಲ್ಲಿ ಅಷ್ಟನ್ನೂ ನೆಚ್ಚಬೇಡಿ, ಹಾಗೆ ಓಡಿದ ಟೈರನ್ನು ಮತ್ತೆ ವೇಗಕ್ಕೆ ಬಳಸಬೇಡಿ. ಗೇಜ್ ಮತ್ತು ಕಂಪ್ರೆಸರ್ ನಿಮಗೂ ಬೇಕು.