ಗೊತ್ತಿದ್ದವರು ಯಾರು?

ಅಮೆರಿಕದಲ್ಲಿರುವ ನಮ್ಮ ಓದುಗರೊಬ್ಬರ ಪತ್ರ ನಾಲ್ಕು ದಿನದಿಂದ ಮೇಜಿನ ಮೇಲೇ ಇದೆ. "ಅಲ್ಲಿನ ಫುಟ್‌ಬಾಲ್ ಆಟಗಾರರು ಬೇಗ ಸತ್ತರೆ ನಾವ್ಯಾಕೆ ಮರುಗಬೇಕು? ಯಾರೂ ಬಲವಂತ ಮಾಡಿರಲಿಲ್ಲ. ಡಾಲರ್ ಎಣಿಸಿಕೊಂಡರು, ಅಪಾಯ ಗೊತ್ತಿದ್ದೇ ಆಡಿದರು" ಅಂತ ಬರೆದಿದ್ದಾರೆ. ಅವರು ಹೇಳ್ತಿರೋದು ಕಾಲಿನಿಂದ ಒದೆಯೋ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡು ಕೈಯಲ್ಲಿ ಹಿಡಿದು ಮೈಗೆ ಮೈ ಗುದ್ದಿ ಆಡೋ ಅಮೆರಿಕನ್ ಫುಟ್‌ಬಾಲ್.

ಸ್ವಾಮಿ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಬಲವಂತ ಯಾರೂ ಮಾಡಿರಲಿಲ್ಲ, ಒಪ್ಪಿದೆ. ಆದರೆ ಆ 'ಗೊತ್ತಿದ್ದೇ' ಅನ್ನೋ ಪದವನ್ನು ಅಷ್ಟು ಸುಲಭವಾಗಿ ಬಿಡೋಕೆ ನನಗಾಗಲ್ಲ.

ಮೈಕ್ ವೆಬ್‌ಸ್ಟರ್ ಹೆಸರು ಕೇಳಿರುತ್ತೀರಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್, ಅಲ್ಲಿನ ಲೀಗಿನ ಫೈನಲ್ ಆದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದವರು. ಸೆಂಟರ್ ಅಂದರೆ ಬಗ್ಗಿ ನಿಂತು ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ಕೊಟ್ಟ ಕ್ಷಣವೇ ಎದುರಿನವನಿಗೆ ಟಗರಿನ ಹಾಗೆ ಡಿಕ್ಕಿ ಹೊಡೀಬೇಕು. ಪಂದ್ಯಕ್ಕೆ ಹತ್ತಾರು ಸಲ, 17 ವರ್ಷ. ಕೊರೆಯುವ ಚಳಿಯಲ್ಲೂ ತೋಳು ಬಿಟ್ಟುಕೊಂಡೇ ಆಡುತ್ತಿದ್ದ ಈ ಮನುಷ್ಯನನ್ನು ಜನ 'ಐರನ್ ಮೈಕ್' ಅಂತ ಕರೆದರು. ಆಟ ಬಿಟ್ಟ ಮೇಲೆ ಆ ಉಕ್ಕಿನ ಮನುಷ್ಯ ಪಿಕಪ್ ಟ್ರಕ್ಕಿನಲ್ಲಿ ಮಲಗಿದ. ಉದುರಿದ ಹಲ್ಲನ್ನು ಸೂಪರ್ ಗ್ಲೂ ಹಾಕಿ ಅಂಟಿಸಿಕೊಂಡ. ನಿದ್ದೆ ಬರಲಿ ಅಂತ ಟೇಸರ್ ಅನ್ನೋ ವಿದ್ಯುತ್ ಗನ್ನಿನಿಂದ ಮೈಗೆ ಶಾಕ್ ಕೊಟ್ಟುಕೊಂಡ. 2002ರಲ್ಲಿ ಸತ್ತಾಗ ಬರೀ 50 ವರ್ಷ.

ಹೆಣ ಕೊಯ್ದವರು ನೈಜೀರಿಯಾದಿಂದ ಬಂದ ಡಾಕ್ಟರ್ ಬೆನೆಟ್ ಒಮಾಲು. ಮೆದುಳು ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಬೇರೆಯವರಾಗಿದ್ದರೆ ಹೃದಯಾಘಾತ ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಮೆದುಳನ್ನು ಉಳಿಸಿಕೊಂಡರು, ತೆಳ್ಳಗೆ ಕತ್ತರಿಸಿ, ಕೈಯಿಂದ ದುಡ್ಡು ಹಾಕಿ ಪರೀಕ್ಷೆ ಮಾಡಿಸಿದರು. ಒಳಗೆಲ್ಲ ಟಾವ್ ಅನ್ನೋ ಪ್ರೋಟೀನ್ ಗಂಟುಕಟ್ಟಿತ್ತು. ತಲೆಗೆ ಪದೇ ಪದೇ ಬೀಳುವ ಪೆಟ್ಟಿನಿಂದ ಬರುವ ಮೆದುಳಿನ ಕಾಯಿಲೆ ಇದು, ಸಿಟಿಇ ಅಂತ ಈಗ ಎಲ್ಲರೂ ಹೇಳೋದು ಅದನ್ನೇ. 2005ರಲ್ಲಿ ಅವರ ಲೇಖನ ಬಂತು. ಎನ್‌ಎಫ್‌ಎಲ್, ಅಂದರೆ ಈ ಆಟದ ವೃತ್ತಿಪರ ಲೀಗ್, ತಲೆಪೆಟ್ಟಿನ ಬಗ್ಗೆ ಮಾಡಿದ್ದ ಸಮಿತಿಯ ಡಾಕ್ಟರುಗಳು ಏನು ಮಾಡಿದರು? ಲೇಖನ ವಾಪಸ್ ತೆಗೆದುಕೊಳ್ಳಿ ಅಂತ ಪತ್ರ ಬರೆದರು! ಆ ಸಮಿತಿಗೆ ಬಹಳ ಕಾಲ ಮುಖ್ಯಸ್ಥರಾಗಿದ್ದವರು ಕೀಲುನೋವಿನ ಡಾಕ್ಟರ್. ಸುಮ್ನೆ ತಮಾಷೆಗೆ ಹೇಳ್ತಿಲ್ಲ.

ಈಗ ನಿಮ್ಮ 'ಗೊತ್ತಿತ್ತು'ಗೆ ಬರೋಣ. ವೆಬ್‌ಸ್ಟರ್ ತಲೆಗೆ ಆಟದಿಂದಲೇ ಪೆಟ್ಟಾಗಿದೆ ಅಂತ ಲೀಗಿನ ಪಿಂಚಣಿ ಮಂಡಳಿಯೇ 1999ರಲ್ಲಿ ಒಪ್ಪಿಕೊಂಡಿತ್ತು. ಆಟಕ್ಕೂ ಸಿಟಿಇಗೂ ನಂಟಿದೆ ಅಂತ ಲೀಗಿನ ಅಧಿಕಾರಿಯೊಬ್ಬರು ಬಹಿರಂಗವಾಗಿ ಹೇಳಿದ್ದು 2016ರಲ್ಲಿ. ನಡುವಿನ 17 ವರ್ಷ ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ, ನೀವೇ ಹೇಳಿ. ಆ ನಡುವೆಯೇ, 2011ರಲ್ಲಿ, ಮಾಜಿ ಆಟಗಾರ ಡೇವ್ ಡುಯೆರ್ಸನ್ ಎದೆಗೆ ಗುಂಡು ಹೊಡೆದುಕೊಂಡರು. ತಲೆಗಲ್ಲ, ಎದೆಗೆ. ಮೆದುಳನ್ನು ಸಂಶೋಧನೆಗೆ ಕೊಡಿ ಅಂತ ಹೇಳಿಟ್ಟು ಹೋಗಿದ್ದರು. ನೋಡಿದರೆ, ಅದೇ ಸಿಟಿಇ.

ನಮ್ಮ ಪತ್ರಿಕೆಯವರದ್ದೂ ತಪ್ಪಿದೆ ಅಲ್ವಾ? ಗೆದ್ದ ದಿನ ಮುಖಪುಟ, ಸತ್ತ ದಿನ ನಾಲ್ಕು ಕಾಲಂ, ನಡುವಿನ ಕಾಯಿಲೆಯ ವರ್ಷಗಳಿಗೆ ಜಾಗವೇ ಇಲ್ಲ. ನಾನು ಉಪಸಂಪಾದಕನಾಗಿದ್ದಾಗ ಹಳೇ ಕುಸ್ತಿಪಟುವೊಬ್ಬರ ಔಷಧಿ ಖರ್ಚಿನ ಬಗ್ಗೆ ಬಂದ ವರದಿಯನ್ನು ಜಾಹೀರಾತಿಗೆ ಜಾಗ ಬೇಕು ಅಂತ ಆರು ಸಾಲಿಗೆ ಇಳಿಸಿದ್ದೆ. ಯಾರೂ ಕೇಳಲಿಲ್ಲ, ನಾನೂ ಮರೆತಿದ್ದೆ. ನಿಮ್ಮ ಪತ್ರ ಓದುವಾಗ ನೆನಪಾಯಿತು.

ಪತ್ರದ ಕೊನೆಗೆ, ಮಗ ಈ ವರ್ಷ ಶಾಲೆಯ ಫುಟ್‌ಬಾಲ್ ತಂಡ ಸೇರಿದ್ದಾನೆ ಅಂತ ಖುಷಿಯಿಂದ ಬರೆದಿದ್ದೀರಿ. ಯಾವ ಜಾಗದಲ್ಲಿ ಆಡ್ತಾನೆ ಅಂತ ಮಾತ್ರ ಬರೆದಿಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.

- ಸಂ.