ಸೂರ್ಯನ ಸ್ಯಾಟಲೈಟ್ ಫೋಟೋ ಜೋಡಿಸಿ ಪ್ರಾಯೋಗಿಕ ಕಿರುಚಿತ್ರ ಮಾಡಾಕತ್ತೀನಿ, ಬಿಳಿ ಚುಕ್ಕಿ ಕ್ಲೀನ್ ಮಾಡಾಕ ಯಾವ ಸಾಫ್ಟ್‌ವೇರ್ ಬೆಸ್ಟ್?

ಯಾವುದೂ ಬ್ಯಾಡ್ರಿ, ಚುಕ್ಕಿ ಮುಟ್ಟಬ್ಯಾಡ್ರಿ. ನಾ ಇದನ್ನ ಮಾಡಿ ಕೈ ಸುಟ್ಕೊಂಡೀನಿ.

ನಮ್ಮದು ಕೊಪ್ಪಳ ಕಡೆ ಹಳ್ಳಿ. ಕ್ಯಾಮೆರಾಕ್ಕ ರೊಕ್ಕ ಇರ್ಲಿಲ್ಲ, ಅದಕ್ಕ ಸೂರ್ಯನ್ನ ನೋಡೋ ಬಾಹ್ಯಾಕಾಶ ನೌಕೆ ಸೋಹೊ ತೆಗೆದ ಫೋಟೋ ಇಳಿಸ್ಕೊಂಡೆ. 1995ರಾಗ ಹಾರಿದ್ದು, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರ ಐತಿ. ಅದರ ಲ್ಯಾಸ್ಕೋ ಕ್ಯಾಮೆರಾ ಸೂರ್ಯಗ ಬಿಲ್ಲೆ ಅಡ್ಡ ಹಿಡಿದು ಸುತ್ತಲಿನ ಕರೋನಾ, ಅಂದ್ರ ಸೂರ್ಯನ ಹೊರಗಿನ ಬಿಸಿ ಅನಿಲದ ಹೊದಿಕೆ, ತೋರಸ್ತೈತಿ. ನಾ ಆರಿಸಿದ್ದು 2003ರ ಅಕ್ಟೋಬರ್ ಕೊನಿ ದಿನಗಳು, ದೊಡ್ಡ ಸೌರ ಬಿರುಗಾಳಿ ಎದ್ದ ಹೊತ್ತು. 28ಕ್ಕ ಜ್ವಾಲೆ ಸಿಡಿದ ಮ್ಯಾಲೆ ಫ್ರೇಮ್ ತುಂಬ ಬರೇ ಬಿಳಿ ಚುಕ್ಕಿ. ಫೋಟೋ ಕೆಟ್ಟಾವು ಅಂದ್ಕೊಂಡೆ.

ಗಂಗಾವತಿಯಾಗ ಮದುವಿ ವಿಡಿಯೋ ಎಡಿಟ್ ಮಾಡೋ ಹುಡುಗನ ಹತ್ರ ರೊಕ್ಕ ಕೊಟ್ಟು ಎಲ್ಲಾ ಫ್ರೇಮಿಗೂ ಡಿನಾಯ್ಸ್, ಅಂದ್ರ ಚುಕ್ಕಿ ಅಳಿಸೋ ಸಾಫ್ಟ್‌ವೇರ್, ಹಾಕಿಸಿದೆ. ಈಗ ಕೇಳ್ರಿ, ಆ ಸಾಫ್ಟ್‌ವೇರ್ ಹಿಂದಿನ ಮುಂದಿನ ಫ್ರೇಮ್ ಹೋಲಿಸಿ ನೋಡ್ತೈತಿ, ಒಂದರಾಗ ಇದ್ದು ಇನ್ನೊಂದರಾಗ ಇಲ್ಲದ್ದೆಲ್ಲಾ ಕಸ ಅಂತ ಅಳಸ್ತೈತಿ, ಆದ್ರ ಆ ಚುಕ್ಕಿ ಅಂದ್ರ ಸೂರ್ಯನ ಕಡಿಯಿಂದ ಬಂದ ಪ್ರೋಟಾನ್ ನೇರ ಕ್ಯಾಮೆರಾ ಸೆನ್ಸರಿಗೇ ಬಡಿದ ಗುರುತು, ಅದು ಒಂದು ಫ್ರೇಮಿನಾಗ ಬಡಿದು ಮುಗೀತೈತಿ, ಮುಂದಿನ ಫ್ರೇಮಿನಾಗ ಬ್ಯಾರೇನ ಪ್ರೋಟಾನ್ ಬ್ಯಾರೇನ ಜಾಗ, ಹಂಗಾಗಿ ಬಿರುಗಾಳಿ ಅಷ್ಟೂ ಅಳಿಸಿ ಹೋತು. ಮ್ಯಾಲೆ ಅವ ಅದೇ ಫೈಲ್ ಹೆಸರಿಗೇ ಸೇವ್ ಮಾಡಿದ್ದ, ನಾನೂ ಕಾಪಿ ಇಟ್ಟಿರ್ಲಿಲ್ಲ, ಮೊಬೈಲ್ ಡೇಟಾದಾಗ ಮತ್ತ ಎಲ್ಲಾ ಇಳಿಸೋಷ್ಟು ಟೈಮೂ ಉಳಿದಿರ್ಲಿಲ್ಲ.

ಕಾಲೇಜಿನಾಗ ತೋರಿಸಿದಾಗ ಫಿಸಿಕ್ಸ್ ಮೇಷ್ಟ್ರು, “ತಮ್ಮಾ, ಬಿರುಗಾಳಿ ಎಲ್ಲಿ ಹೋತೋ?” ಅಂದ್ರು. ಅವರು ಹೇಳಿದ ಮ್ಯಾಲೇ ನಂಗ ಗೊತ್ತಾಗಿದ್ದು. ಪರದೆ ಮ್ಯಾಲೆ ಹೊಗೆ ಆಡಿದಂಗ ಇತ್ತು ಅಷ್ಟ, ಜನ ಮೊಬೈಲ್ ನೋಡ್ಕೊಂತ ಕುಂತಿದ್ರು.

ಕ್ಯಾಮೆರಾ ಏಟು ತಿಂದಿದ್ದು ಕಣ್ಣಿಗೆ ಕಾಣ್ತೈತಲ್ರಿ, ಅದನ್ನ ಬಿಟ್ಟು ಚಂದ ಕಾಣೋ ಸೂರ್ಯ ಬೇಕಂದ್ರ ವಾಲ್‌ಪೇಪರ್ ಸಾಕು, ಸಿನಿಮಾ ಯಾಕ? ಆ ನೀಲಿ, ಕೆಂಪು ಬಣ್ಣನೂ ಆಮ್ಯಾಲೆ ಹಚ್ಚಿದ್ದು, ಕಪ್ಪು-ಬಿಳುಪು ಮಾಡ್ಕೊಳ್ರಿ. ಸೆಕೆಂಡಿಗೆ 24 ಫ್ರೇಮ್ ಓಡಿಸಿದ್ರ ಒಂದು ದಿನದ ಫೋಟೋ ಕೆಲವೇ ಸೆಕೆಂಡಿನಾಗ ಮುಗೀತಾವು, 6 ಸಾಕು. ಹಿನ್ನೆಲೆಗೆ ಕೊಳಲು ಮಾತ್ರ ಹಾಕಬ್ಯಾಡ್ರಿ ದಯಮಾಡಿ. ನಾ ಗಂಗಾವತಿ ರೈಸ್ ಮಿಲ್ ಸದ್ದು ಹಾಕಿದ್ದೆ, ಇಡೀ ಚಿತ್ರದಾಗ ಅದೊಂದ ಬರೋಬರಿ ಇತ್ತು. ಕೊನಿಗೆ ಸೋಹೊ, ಇಸಾ (ಯುರೋಪಿನ ಬಾಹ್ಯಾಕಾಶ ಸಂಸ್ಥೆ), ನಾಸಾ ಹೆಸರು ಹಾಕ್ರಿ, ಅವರು ಕೇಳೋದು ಅದನ್ನ.